ನೀಲಗಿರಿ ಪ್ರವಾಸ: ಸಕುಟುಂಬ ಹೊರಡುವ ಮುನ್ನ

ನೀಲಗಿರಿಗೆ ಹೊರಡುವ ಕುಟುಂಬಗಳು ಊಟಿಯಲ್ಲೇ ಕೊಠಡಿ ಹುಡುಕುವುದು ವಾಡಿಕೆ. ಮಕ್ಕಳು, ವೃದ್ಧರು ಜತೆಗಿದ್ದರೆ ಕೂನೂರು ಅಥವಾ ಕೋಟಗಿರಿಯಲ್ಲಿ ತಂಗುವುದು ಲೇಸು. ಸುಮಾರು 2,240 ಮೀಟರ್ ಎತ್ತರದ ಊಟಿಗಿಂತ ಇವೆರಡೂ ತಗ್ಗಿನಲ್ಲಿದ್ದು, ಚಳಿಯ ಕಾಟ ಕಡಿಮೆ; ಜನಜಂಗುಳಿಯೂ ಅಷ್ಟಿಲ್ಲ.

ಮೊದಲು ನಿಶ್ಚಯಿಸಬೇಕಾದುದು ಹೊರಡುವ ಹೊತ್ತು. ಗುಂಡ್ಲುಪೇಟೆ ಮಾರ್ಗದಲ್ಲಿ ಸಾಗುವವರು ಬಂಡೀಪುರ ಅರಣ್ಯವನ್ನು ದಾಟಬೇಕು. 2009ರಲ್ಲಿ ಜಾರಿಗೆ ಬಂದ ನಿಷೇಧದಂತೆ ಅಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಖಾಸಗಿ ವಾಹನಗಳಿಗೆ ಪ್ರವೇಶವಿಲ್ಲ. ತಡವಾಗಿ ತಲುಪಿದವರು ಮಲಗಿದ ಮಕ್ಕಳೊಂದಿಗೆ ಗುಂಡ್ಲುಪೇಟೆಗೆ ಹಿಂತಿರುಗಿ ವಸತಿ ಅರಸಬೇಕಾಗುತ್ತದೆ. ಆದ್ದರಿಂದ ಬೆಂಗಳೂರಿನಿಂದ ಹೊರಡುವವರಿಗೆ ನಸುಕೇ ಪ್ರಶಸ್ತ.

ತೆಪ್ಪಕಾಡಿನಲ್ಲಿ ದಾರಿ ಕವಲೊಡೆಯುತ್ತದೆ. ಮಸಿನಗುಡಿ ದಾರಿ ಹತ್ತಿರದ್ದಾದರೂ ಕಡಿದಾದ ಘಾಟಿಯಲ್ಲಿ 36 ತಿರುವುಗಳಿವೆ. ವಾಂತಿ, ತಲೆಸುತ್ತಿನ ತೊಂದರೆ ಇರುವವರಿಗೆ, ಘಾಟಿ ಚಾಲನೆಗೆ ಹೊಸಬರಿಗೆ ಗೂಡಲೂರು ಮಾರ್ಗವೇ ಕ್ಷೇಮ.

ಮದ್ರಾಸ್ ಹೈಕೋರ್ಟ್ ಆದೇಶದ ಮೇರೆಗೆ 2024ರ ಮೇ 7ರಿಂದ ಹೊರಗಿನ ವಾಹನಗಳಿಗೆ ಇ-ಪಾಸ್ ಪದ್ಧತಿ ಜಾರಿಯಾಯಿತು. ಹೊರಡುವ ಮುನ್ನ ನಿಯಮ ಪರಿಶೀಲಿಸಿ ಪಾಸ್ ಪಡೆದಿರಬೇಕು. ಪ್ಲಾಸ್ಟಿಕ್ ನೀರಿನ ಬಾಟಲಿಗೆ ಜಿಲ್ಲೆಯಲ್ಲಿ ನಿಷೇಧವಿರುವುದರಿಂದ ಸ್ಟೀಲ್ ಬಾಟಲಿ ಒಯ್ಯಿರಿ.

2005ರಲ್ಲಿ ವಿಶ್ವ ಪರಂಪರೆಯ ಮನ್ನಣೆ ಪಡೆದ ಪರ್ವತ ರೈಲು ಮೆಟ್ಟುಪಾಳಯಂನಿಂದ ಊಟಿಗೆ 46 ಕಿ.ಮೀ. ಸಾಗುತ್ತದೆ. ಮೈಸೂರು ಕಡೆಯಿಂದ ಬಂದವರು ಅದಕ್ಕಾಗಿ ಬೆಟ್ಟವಿಳಿಯಬೇಕಿಲ್ಲ. ಮಕ್ಕಳಿಗೆ ಕೂನೂರು–ಊಟಿ ನಡುವಿನ ಪಯಣವೇ ಸಾಕು. ರಜಾದಿನಗಳಲ್ಲಿ ಟಿಕೆಟ್ ದುರ್ಲಭವಾದ ಕಾರಣ, ಕೊಠಡಿಗೂ ಮೊದಲು ಅದನ್ನು ಕಾಯ್ದಿರಿಸಿ.