ಬೆನ್ನುಹುರಿ ಗಾಯದ ದುರಸ್ತಿಯಲ್ಲಿ ಆಕರಕೋಶ ಮತ್ತು ನ್ಯಾನೋತಂತ್ರಜ್ಞಾನ

ಬೆನ್ನುಹುರಿ ಗಾಯದ ದುರಸ್ತಿ ಎಂದರೆ ಅಪಘಾತ, ಎತ್ತರದಿಂದ ಬೀಳುವಿಕೆ, ಇರಿತ ಮೊದಲಾದ ಕಾರಣಗಳಿಂದ ಘಾಸಿಗೊಂಡ ಬೆನ್ನುಹುರಿಯ ನರತಂತುಗಳನ್ನು ಮತ್ತೆ ಬೆಳೆಸಿ, ಮೆದುಳು ಮತ್ತು ದೇಹದ ನಡುವೆ ಕಡಿದುಹೋದ ಸಂಪರ್ಕವನ್ನು ಮರಳಿ ಸ್ಥಾಪಿಸುವ ಪ್ರಯತ್ನ. ಈ ದಿಸೆಯಲ್ಲಿ ಎರಡು ಮಾರ್ಗಗಳು ಪ್ರಮುಖವಾಗಿವೆ: ಆಕರಕೋಶಗಳನ್ನು (ಕಾಂಡಕೋಶಗಳನ್ನು) ಗಾಯದ ಜಾಗಕ್ಕೆ ಕಸಿ ಮಾಡುವುದು ಮತ್ತು ನ್ಯಾನೋಮೀಟರ್ ಗಾತ್ರದ ತಂತುಗಳಿಂದ ಅಲ್ಲಿ ಬೆಳವಣಿಗೆಗೆ ಹಂದರ ಹಾಕುವುದು. ಎರಡೂ ಇನ್ನೂ ಸಂಶೋಧನೆಯ ಹಂತದಲ್ಲಿವೆ. ಬೆನ್ನುಹುರಿಯನ್ನು ಪೂರ್ಣವಾಗಿ ಗುಣಪಡಿಸುವ ಚಿಕಿತ್ಸೆ ಈವರೆಗೆ ಲಭ್ಯವಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಸುಮಾರು 1.5 ಕೋಟಿ ಜನರು ಬೆನ್ನುಹುರಿಯ ಗಾಯದೊಂದಿಗೆ ಬದುಕುತ್ತಿದ್ದಾರೆ.

ಗಾಯದ ಸ್ವರೂಪ

ಬೆನ್ನುಹುರಿಯು ವಯಸ್ಕರಲ್ಲಿ ಸುಮಾರು 45 ಸೆಂಟಿಮೀಟರ್ ಉದ್ದವಿದ್ದು, ಅದರಿಂದ 31 ಜೊತೆ ನರಗಳು ಕವಲೊಡೆಯುತ್ತವೆ. ಕುತ್ತಿಗೆಯ ಭಾಗದಲ್ಲಿ ಪೆಟ್ಟಾದರೆ ಕೈಕಾಲುಗಳೆರಡೂ, ಎದೆ ಅಥವಾ ಅದರ ಕೆಳಭಾಗದಲ್ಲಾದರೆ ಕಾಲುಗಳು ನಿಶ್ಚೇಷ್ಟಿತವಾಗುತ್ತವೆ. ಚಲನೆಯ ಜೊತೆಗೆ ಮಲಮೂತ್ರಗಳ ಹತೋಟಿ, ರಕ್ತದೊತ್ತಡ, ಬೆವರುವಿಕೆ ಮತ್ತು ಸ್ಪರ್ಶಜ್ಞಾನವೂ ಕೆಡಬಹುದು. ನೋಡುವವರಿಗೆ ಗಾಲಿಕುರ್ಚಿ ಮಾತ್ರ ಕಾಣುತ್ತದೆ. ರೋಗಿಗಳನ್ನು ಹೆಚ್ಚು ಪೀಡಿಸುವುದು ಅನೇಕ ವೇಳೆ ಮೂತ್ರಕೋಶದ ಸೋಂಕು ಮತ್ತು ಹಾಸಿಗೆ ಹುಣ್ಣು.

ಹಾನಿ ಎರಡು ಹಂತಗಳಲ್ಲಿ ನಡೆಯುತ್ತದೆ. ಮೊದಲನೆಯದು ಪೆಟ್ಟಿನ ಕ್ಷಣದಲ್ಲಿ ಮೂಳೆ ಒತ್ತಿ ನರತಂತುಗಳು ಹರಿಯುವುದು. ಎರಡನೆಯದು ಅನಂತರದ ಗಂಟೆಗಳಲ್ಲಿ ಹಾಗೂ ವಾರಗಳಲ್ಲಿ ರಕ್ತಸಂಚಾರದ ಕೊರತೆ, ಊತ ಮತ್ತು ಉರಿಯೂತದಿಂದ, ಪೆಟ್ಟು ಬೀಳದ ಕೋಶಗಳೂ ಸಾಯುವುದು. ಕೊನೆಗೆ ಆ ಜಾಗದಲ್ಲಿ ದ್ರವ ತುಂಬಿದ ಪೊಳ್ಳು ಉಂಟಾಗಿ, ಸುತ್ತಲೂ ಗ್ಲಿಯಾ ಕೋಶಗಳ ಕಲೆ ಕಟ್ಟಿಕೊಳ್ಳುತ್ತದೆ. ಉರಿಯೂತ ಹರಡದಂತೆ ತಡೆಯುವ ಈ ಕಲೆಯೇ ಹೊಸ ನರತಂತುಗಳಿಗೂ ಅಡ್ಡಗೋಡೆಯಾಗುತ್ತದೆ. ದುರಸ್ತಿಯ ಕಷ್ಟವೆಲ್ಲ ಇಲ್ಲಿದೆ.

ಹಿನ್ನೆಲೆ

ಪ್ರಾಚೀನ ಈಜಿಪ್ಟಿನ ಎಡ್ವಿನ್ ಸ್ಮಿತ್ ಪ್ಯಾಪಿರಸ್ಸಿನಲ್ಲಿ, ಕುತ್ತಿಗೆಯ ಮೂಳೆ ಸರಿದು ಕೈಕಾಲುಗಳ ಅರಿವು ತಪ್ಪಿದ ರೋಗಿಯನ್ನು ಚಿಕಿತ್ಸೆ ಮಾಡಲಾಗದವರ ಸಾಲಿಗೆ ಸೇರಿಸಲಾಗಿದೆ. ಸ್ಪೇನಿನ ಸಾಂಟಿಯಾಗೊ ರಮೋನ್ ಇ ಕಹಾಲ್ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಸೂಕ್ಷ್ಮದರ್ಶಕದ ಆಧಾರದಿಂದ ಹೆಚ್ಚುಕಡಿಮೆ ಅದೇ ತೀರ್ಮಾನಕ್ಕೆ ಬಂದರು: ವಯಸ್ಕರ ಕೇಂದ್ರ ನರಮಂಡಲದಲ್ಲಿ ಕಡಿದ ನರತಂತು ಮತ್ತೆ ಬೆಳೆಯದು. ಈ ನಂಬಿಕೆ ಸಡಿಲವಾದದ್ದು 1981ರಲ್ಲಿ. ಕೆನಡಾದ ಮಾಂಟ್ರಿಯಲ್‌ನಲ್ಲಿ ಸ್ಯಾಮ್ಯುಯೆಲ್ ಡೇವಿಡ್ ಮತ್ತು ಆಲ್ಬರ್ಟ್ ಅಗ್ವಾಯೊ ಇಲಿಗಳ ಬೆನ್ನುಹುರಿಗೆ ಹೊರನರದ ತುಂಡೊಂದನ್ನು ಸೇತುವೆಯಂತೆ ಜೋಡಿಸಿದಾಗ, ಕೇಂದ್ರ ನರಮಂಡಲದ ತಂತುಗಳು ಅದರೊಳಗೆ ಸುಮಾರು 3 ಸೆಂಟಿಮೀಟರ್ ಬೆಳೆದವು. ಅಂದರೆ ನರಕೋಶಕ್ಕೆ ಬೆಳೆಯುವ ಶಕ್ತಿ ಇದೆ. ಸುತ್ತಲಿನ ಪರಿಸರ ಅದನ್ನು ಬಿಡುತ್ತಿಲ್ಲ. ಜ್ಯೂರಿಕ್‌ನ ಮಾರ್ಟಿನ್ ಶ್ವಾಬ್ ಬಳಿಕ ಮಯಲಿನ್ ಹೊದಿಕೆಯಲ್ಲಿರುವ, ಬೆಳವಣಿಗೆಯನ್ನು ತಡೆಯುವ ಪ್ರೋಟೀನುಗಳನ್ನು ತೋರಿಸಿಕೊಟ್ಟರು.

ಆಕರಕೋಶ ಕಸಿ

ಆಕರಕೋಶಗಳು ಬೇರೆ ಬೇರೆ ಬಗೆಯ ಕೋಶಗಳಾಗಿ ಮಾರ್ಪಡಬಲ್ಲವು. ಮಾನವ ಭ್ರೂಣದ ಆಕರಕೋಶಗಳನ್ನು 1998ರಲ್ಲಿ ಅಮೆರಿಕದ ಜೇಮ್ಸ್ ಥಾಮ್ಸನ್ ಬೇರ್ಪಡಿಸಿದರು. ಇವುಗಳಿಂದ ಪಡೆದ, ಮಯಲಿನ್ ಹೊದಿಕೆ ಕಟ್ಟುವ ಕೋಶಗಳ ಪೂರ್ವಜಗಳನ್ನು 2010ರ ಅಕ್ಟೋಬರ್‌ನಲ್ಲಿ ಅಮೆರಿಕದ ಜೆರಾನ್ ಕಂಪನಿಯ ಪ್ರಯೋಗದಲ್ಲಿ ಮೊದಲ ಬಾರಿಗೆ ರೋಗಿಯೊಬ್ಬರಿಗೆ ಚುಚ್ಚಲಾಯಿತು. ಮರುವರ್ಷವೇ ಕಂಪನಿ ಹಣಕಾಸಿನ ಕಾರಣ ನೀಡಿ ಈ ಕೆಲಸವನ್ನು ಕೈಬಿಟ್ಟಿತು. ವಿಜ್ಞಾನ ಸೋತದ್ದರಿಂದಲ್ಲ ಎಂಬುದನ್ನು ಗಮನಿಸಬೇಕು.

ಭ್ರೂಣದ ಬಳಕೆ ಎಬ್ಬಿಸಿದ ನೈತಿಕ ಪ್ರಶ್ನೆಗೆ ಜಪಾನಿನ ಶಿನ್ಯಾ ಯಮನಕ ಬೇರೆ ದಾರಿ ತೋರಿದರು. ಇಲಿಯ ಸಾಮಾನ್ಯ ಕೋಶವನ್ನು ಅವರು 2006ರಲ್ಲಿ ಆಕರಕೋಶದ ಸ್ಥಿತಿಗೆ ಹಿಂದಿರುಗಿಸಿದರು. 2012ರ ನೊಬೆಲ್ ಪ್ರಶಸ್ತಿಯನ್ನು ಜಾನ್ ಗರ್ಡನ್‌ರೊಂದಿಗೆ ಹಂಚಿಕೊಂಡರು. ಇಂತಹ ಕೋಶಗಳಿಂದ ಬೆಳೆಸಿದ ನರಕೋಶ ಪೂರ್ವಜಗಳನ್ನು ಟೋಕಿಯೊದ ಕೇಯೊ ವಿಶ್ವವಿದ್ಯಾಲಯದ ಹಿದೆಯುಕಿ ಓಕಾನೊ ಮತ್ತು ಮಸಾಯ ನಕಮುರ ಅವರ ತಂಡ ನಾಲ್ವರು ರೋಗಿಗಳಿಗೆ ಕಸಿ ಮಾಡಿತು. ಮೊದಲ ಶಸ್ತ್ರಚಿಕಿತ್ಸೆ ನಡೆದದ್ದು 2021ರ ಡಿಸೆಂಬರ್‌ನಲ್ಲಿ. ಪ್ರತಿಯೊಬ್ಬರಿಗೂ ನೀಡಿದ್ದು ಸುಮಾರು 20 ಲಕ್ಷ ಕೋಶಗಳು. 2025ರಲ್ಲಿ ಪ್ರಕಟವಾದ ಫಲಿತಾಂಶದಂತೆ ಗಂಭೀರ ಅಡ್ಡಪರಿಣಾಮ ಕಂಡುಬರಲಿಲ್ಲ, ಇಬ್ಬರಲ್ಲಿ ಚಲನಶಕ್ತಿ ಸುಧಾರಿಸಿತು, ಅವರಲ್ಲೊಬ್ಬರು ಆಧಾರವಿಲ್ಲದೆ ನಿಲ್ಲುವಂತಾದರು. ಉಳಿದಿಬ್ಬರಲ್ಲಿ ಅಂತಹ ಸುಧಾರಣೆ ಆಗಲಿಲ್ಲ. ಗಾಯವಾದ ಮೊದಲ ತಿಂಗಳುಗಳಲ್ಲಿ ಕೆಲವರು ತಾವಾಗಿಯೇ ಸ್ವಲ್ಪ ಚೇತರಿಸಿಕೊಳ್ಳುವುದುಂಟು. ಆದ್ದರಿಂದ ಹೋಲಿಕೆಯ ಗುಂಪಿಲ್ಲದ ಇಷ್ಟು ಚಿಕ್ಕ ಪ್ರಯೋಗದಿಂದ ಪರಿಣಾಮವನ್ನು ನಿರ್ಣಯಿಸಲಾಗದು. ಇದೇ ಆಕ್ಷೇಪ, ರೋಗಿಯ ಅಸ್ಥಿಮಜ್ಜೆಯ ಕೋಶಗಳನ್ನೇ ಬಳಸುವ ಚಿಕಿತ್ಸೆಗೆ ಜಪಾನ್ ಸರ್ಕಾರ 2018ರಲ್ಲಿ ನೀಡಿದ ಷರತ್ತುಬದ್ಧ ಅನುಮತಿಯ ಮೇಲೂ ಬಂದಿತು. ಅದಕ್ಕೆ ಆಧಾರವಾಗಿದ್ದವರು 13 ರೋಗಿಗಳು ಮಾತ್ರ.

ಅಪಾಯವೂ ಕಾಲ್ಪನಿಕವಲ್ಲ. ಮೂಗಿನ ಒಳಪೊರೆಯ ಕೋಶಗಳನ್ನು ಬೆನ್ನುಹುರಿಗೆ ಕಸಿ ಮಾಡಿಸಿಕೊಂಡ ಮಹಿಳೆಯೊಬ್ಬರಲ್ಲಿ ಎಂಟು ವರ್ಷಗಳ ಬಳಿಕ ಲೋಳೆ ಸ್ರವಿಸುವ ಗಡ್ಡೆ ಬೆಳೆದದ್ದನ್ನು 2014ರಲ್ಲಿ ಅಮೆರಿಕದ ವೈದ್ಯರು ವರದಿ ಮಾಡಿದರು.

ನ್ಯಾನೋತಂತ್ರಜ್ಞಾನ

ಒಂದು ನ್ಯಾನೋಮೀಟರ್ ಎಂದರೆ ಮೀಟರಿನ ಶತಕೋಟಿಯಲ್ಲಿ ಒಂದು ಭಾಗ. ಕಸಿ ಮಾಡಿದ ಕೋಶಗಳಲ್ಲಿ ಬಹುಪಾಲು ಪೊಳ್ಳಾದ ಜಾಗದಲ್ಲಿ ಆಸರೆಯಿಲ್ಲದೆ ಸಾಯುತ್ತವೆ. ದೇಹದ ಸಹಜ ಅಂಗಾಂಶಜಾಲವನ್ನು ಹೋಲುವ ನ್ಯಾನೋತಂತುಗಳು ಅವುಗಳಿಗೆ ಆಸರೆಯನ್ನೂ ದಿಕ್ಕನ್ನೂ ಕೊಡಬಲ್ಲವು. ಔಷಧವನ್ನು ಗಾಯದ ಜಾಗದಲ್ಲಿ ನಿಧಾನವಾಗಿ ಬಿಡುಗಡೆ ಮಾಡಲು ಮತ್ತು ಕಸಿಯಾದ ಕೋಶಗಳು ಎಲ್ಲಿವೆಯೆಂದು ಎಂಆರ್‌ಐ ಚಿತ್ರದಲ್ಲಿ ಗುರುತಿಸಲು ನ್ಯಾನೋಕಣಗಳನ್ನು ಬಳಸುವ ಪ್ರಯೋಗಗಳೂ ನಡೆದಿವೆ.

ಈ ಕ್ಷೇತ್ರದಲ್ಲಿ ಹೆಚ್ಚು ಚರ್ಚಿತವಾದ ಕೆಲಸ ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಸ್ಯಾಮ್ಯುಯೆಲ್ ಸ್ಟುಪ್ ಅವರದು. ಅವರ ಪೆಪ್ಟೈಡ್ ಅಣುಗಳು ದ್ರವರೂಪದಲ್ಲಿ ಚುಚ್ಚಿದೊಡನೆ ತಾವೇ ಜೋಡಿಕೊಂಡು ತಂತುಗಳ ಜಾಲವಾಗುತ್ತವೆ. 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಗಾಯವಾದ ಮರುದಿನ ಒಂದೇ ಚುಚ್ಚುಮದ್ದು ಪಡೆದ ಇಲಿಗಳು ನಾಲ್ಕು ವಾರಗಳಲ್ಲಿ ನಡೆಯತೊಡಗಿದವು. ತಂತುವಿನೊಳಗಿನ ಅಣುಗಳು ಹೆಚ್ಚು ಚಲಿಸಿದಷ್ಟೂ ಕೋಶದ ಗ್ರಾಹಕಗಳಿಗೆ ಅವುಗಳ ಸಂಕೇತ ಚೆನ್ನಾಗಿ ತಲುಪುತ್ತದೆ ಎಂಬುದು ಇದರ ಹೊಸ ಅಂಶ. ಪತ್ರಿಕೆಗಳು ಇವನ್ನು ‘ಕುಣಿಯುವ ಅಣುಗಳು’ ಎಂದು ಕರೆದವು. ಇಲ್ಲಿ ಆಕರಕೋಶ ಬಳಕೆಯಾಗಿಲ್ಲ. ಇಲಿಯ ಬೆನ್ನುಹುರಿಯಲ್ಲಿ ತಂತು ಕ್ರಮಿಸಬೇಕಾದ ದೂರ ಮನುಷ್ಯನಲ್ಲಿರುವುದಕ್ಕಿಂತ ಬಹಳ ಕಡಿಮೆ ಎಂಬುದನ್ನು ಇಂತಹ ಸುದ್ದಿಗಳು ಹೇಳುವುದು ಅಪರೂಪ.

ಭಾರತದಲ್ಲಿ ನಿಯಮಗಳು

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಜೈವಿಕ ತಂತ್ರಜ್ಞಾನ ಇಲಾಖೆ ಹೊರಡಿಸಿದ 2017ರ ಮಾರ್ಗಸೂಚಿಯ ಪ್ರಕಾರ, ರಕ್ತಸಂಬಂಧಿ ಕಾಯಿಲೆಗಳಿಗೆ ಮಾಡುವ ಅಂಗೀಕೃತ ಕಸಿಯ ಹೊರತು ಆಕರಕೋಶಗಳ ಬಳಕೆ ಅನುಮತಿ ಪಡೆದ ಪ್ರಯೋಗಗಳಲ್ಲಿ ಮಾತ್ರ ನಡೆಯಬೇಕು. ಬೆನ್ನುಹುರಿಯ ಗಾಯವೂ ಇದಕ್ಕೆ ಒಳಪಡುತ್ತದೆ. ಆದರೂ ಹಣ ಪಡೆದು ಇಂತಹ ಚುಚ್ಚುಮದ್ದು ನೀಡುವ ಖಾಸಗಿ ಚಿಕಿತ್ಸಾಲಯಗಳು ದೇಶದಲ್ಲಿವೆ, ಜಮೀನು ಮಾರಿ ಅಲ್ಲಿಗೆ ಹೋಗುವ ಕುಟುಂಬಗಳೂ ಇವೆ. ಅನುಮತಿ ಪಡೆದ ಪ್ರಯೋಗವು ಭಾರತದ ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿಯಲ್ಲಿ ನೋಂದಣಿಯಾಗಿರಬೇಕು. ಈ ದಾಖಲೆಯನ್ನು ಯಾರು ಬೇಕಾದರೂ ಅಂತರ್ಜಾಲದಲ್ಲಿ ಉಚಿತವಾಗಿ ನೋಡಬಹುದು. ಪ್ರಯೋಗಕ್ಕೆ ಒಳಗಾಗುವವರಿಂದ ಚಿಕಿತ್ಸೆಯ ಶುಲ್ಕ ಪಡೆಯುವಂತಿಲ್ಲ.