ಗಾಳದ ಎರೆ: ಕೊಡಗಿನ ತೋಡಿನಿಂದ ಕಾವೇರಿಯ ಮಡುವಿನವರೆಗೆ

ಸಿಹಿನೀರಿನ ಮೀನು ಗಾಳಕ್ಕೆ ಬಾಯಿ ಹಾಕುವುದು, ಗಾಳದ ತುದಿಯಲ್ಲಿರುವುದು ಆ ನೀರಿನಲ್ಲಿ ಆ ಕಾಲಕ್ಕೆ ಸಿಗಬೇಕಾದ ಆಹಾರದಂತೆ ಕಂಡಾಗ ಅಥವಾ ವಾಸನೆ ಹೊಡೆದಾಗ. ಎರೆಯ ಆಯ್ಕೆಯ ಕುರಿತು ಒಂಬೈನೂರು ವರ್ಷಗಳಿಂದ ಬರೆದದ್ದು, ಬಾಯಿಂದ ಬಾಯಿಗೆ ದಾಟಿದ್ದು, ಪ್ರಯೋಗಾಲಯದಲ್ಲಿ ಪರೀಕ್ಷಿಸಿದ್ದು ಎಲ್ಲವೂ ಈ ಮಾತಿನ ವಿಸ್ತರಣೆಯೇ. ಆದ್ದರಿಂದ ಎರೆಯ ಚರಿತ್ರೆಯನ್ನು ಗುಟ್ಟಿನ ಮಸಾಲೆಗಳ ಪಟ್ಟಿಯಾಗಿ ಬರೆದರೆ ಅಸಲು ಸಂಗತಿ ತಪ್ಪಿಹೋಗುತ್ತದೆ. ನದಿ ಏನನ್ನು ಉಣಿಸುತ್ತಿದೆ ಎಂಬ ತಿಳಿವಳಿಕೆ ಹೇಗೆ ಬೆಳೆಯಿತು ಎಂಬುದೇ ಇಲ್ಲಿ ಮುಖ್ಯ.

ದಕ್ಷಿಣ ಕೊಡಗಿನ ಬಾಳೆಲೆಯ ಸುತ್ತಮುತ್ತ ಈ ತಿಳಿವಳಿಕೆ ಇಡೀ ವರ್ಷದ ಲೆಕ್ಕವಾಗಿ ಉಳಿದಿದೆ. ಬ್ರಹ್ಮಗಿರಿಯಲ್ಲಿ ಹುಟ್ಟಿ ಇರ್ಪುವಿನಲ್ಲಿ ಧುಮುಕುವ ಲಕ್ಷ್ಮಣತೀರ್ಥವು ಗದ್ದೆ, ಕಾಫಿ ತೋಟ ಮತ್ತು ನಾಗರಹೊಳೆಯ ಕಾಡಿನ ಅಂಚಿನ ನಡುವೆ ಹರಿದು, ಹುಣಸೂರನ್ನು ದಾಟಿ ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ಕಾವೇರಿಯನ್ನು ಸೇರುತ್ತದೆ. ಜೂನ್ ತಿಂಗಳಲ್ಲಿ ಮಳೆ ಹಿಡಿದರೆ ಹೊಳೆ ಕೆಂಪಾಗುತ್ತದೆ. ಬಾಳೆಲೆ–ನಿಟ್ಟೂರು ರಸ್ತೆಯ ಮೇಲೆ ನೀರು ಬರುವುದೂ ಉಂಟು. ಕೆಂಪು ನೀರಿನಲ್ಲಿ ಮೀನಿಗೆ ಕಣ್ಣಿನಿಂದ ಪ್ರಯೋಜನ ಕಡಿಮೆ. ಮೂಗು ಮತ್ತು ಮೀಸೆಗಳೇ ಆಹಾರ ಹುಡುಕಿಕೊಡಬೇಕು. ಇದೇ ಹೊತ್ತಿಗೆ ದಂಡೆಯ ಮಣ್ಣು ಕುಸಿದು ಎರೆಹುಳಗಳು ನೀರುಪಾಲಾಗುತ್ತವೆ. ಮಳೆಗಾಲದ ಗಾಳಕ್ಕೆ ಎರೆಹುಳವೇ ಮೊದಲ ಆಯ್ಕೆಯಾದದ್ದು ಹೀಗೆ. ಸಗಣಿ ಗುಂಡಿಯ ಅಂಚಿನಲ್ಲಿ, ಬಾಳೆಯ ಬುಡದ ತೇವದಲ್ಲಿ ಅಗೆದು ತೆಗೆದ ಹುಳವನ್ನು ತೆಂಗಿನ ಕರಟದಲ್ಲೋ ಕೆಸುವಿನ ಎಲೆಯಲ್ಲೋ ಸ್ವಲ್ಪ ಮಣ್ಣಿನೊಂದಿಗೆ ಇಟ್ಟುಕೊಳ್ಳುತ್ತಾರೆ. ಹುಳವನ್ನು ಇಡಿಯಾಗಿ ಕೊಕ್ಕೆಗೆ ಮುಚ್ಚಿ ಪೋಣಿಸದೆ ಬಾಲವನ್ನು ಇಳಿಬಿಟ್ಟರೆ ಅದು ನೀರಿನಲ್ಲಿ ಮಿಸುಕುತ್ತದೆ. ಸತ್ತು ಬಿಳಿಚಿಕೊಂಡ ಹುಳವನ್ನು ಬದಲಿಸಬೇಕು. ಒಳಗಿನ ರಸ ನೀರಿಗೆ ಹೋದ ಮೇಲೆ ಅದರಲ್ಲಿ ಮೀನನ್ನು ಕರೆಯುವಂಥದ್ದು ಬಹಳ ಉಳಿಯುವುದಿಲ್ಲ.

ಗದ್ದೆಗೆ ನೀರು ನಿಂತ ಮೇಲೆ ಬೇರೊಂದು ಲೋಕ ತೆರೆದುಕೊಳ್ಳುತ್ತದೆ. ಹೊಳೆಯಿಂದ ತೋಡಿಗೆ, ತೋಡಿನಿಂದ ಗದ್ದೆಗೆ ಮೀನು ಏರುತ್ತದೆ. ಮಲೆನಾಡಿನಲ್ಲಿ ಇದಕ್ಕೆ ಹತ್ತುಮೀನು ಎನ್ನುತ್ತಾರೆ. ಈ ಕಾಲಕ್ಕೆ ಎರೆಯೇ ಇಲ್ಲದೆ ಮೀನು ಹಿಡಿಯುವ ಬುಟ್ಟಿಯಾದ ಕೂಳಿ ಹೆಚ್ಚು ಕೆಲಸ ಮಾಡುತ್ತದೆ, ಏಕೆಂದರೆ ಮೊಟ್ಟೆಯಿಡಲು ಏರುವ ಮೀನಿಗೆ ಆಹಾರದ ಮೇಲೆ ಗಮನ ಕಡಿಮೆ. ಗದ್ದೆಯ ಬದುವಿನ ಏಡಿ ಮಳೆಗಾಲದ ಕಕ್ಕಡ ತಿಂಗಳಲ್ಲಿ ಕೊಡಗಿನ ಅಡುಗೆಮನೆಗೆ ಬರುವಂತೆ ದೊಡ್ಡ ಮೀನಿನ ಹೊಟ್ಟೆಗೂ ಹೋಗುತ್ತದೆ. ಬಂಡೆ ಸಂದಿನ ಮಡುಗಳಲ್ಲಿ ಸಣ್ಣ ಏಡಿಯನ್ನು ಇಡಿಯಾಗಿ ಕೊಕ್ಕೆಗೆ ಹಾಕುವ ಪದ್ಧತಿ ಈ ಗಮನಿಕೆಯಿಂದಲೇ ಬಂದದ್ದು. ಮಳೆ ತಗ್ಗಿ ನೀರು ತಿಳಿಯಾದಂತೆ ಹುಳ ಹಿಂದೆ ಸರಿದು ಮಿಡತೆ, ಕಣಜದ ಮರಿ, ಅನ್ನದ ಅಗುಳು, ಅಕ್ಕಿ ಹಿಟ್ಟಿನ ಉಂಡೆ ಮುಂದೆ ಬರುತ್ತವೆ. ಬೇಸಗೆಯಲ್ಲಿ ಹೊಳೆ ಮಡುಗಳಾಗಿ ಒಡೆದಾಗ ದಡದ ಮರಗಳಿಂದ ಉದುರುವ ಅತ್ತಿ, ಆಲದ ಹಣ್ಣುಗಳೇ ಮೀನಿನ ಊಟ. ಹಣ್ಣು ಉದುರುವ ಮರದ ಕೆಳಗೆ ಅದೇ ಹಣ್ಣನ್ನು ಗಾಳಕ್ಕೆ ಕಟ್ಟಿದವನಿಗೆ ಬೇರೆ ಯಾವ ಎರೆಯ ಅಗತ್ಯವೂ ಬೀಳುವುದಿಲ್ಲ.

ಈ ವಿದ್ಯೆಯನ್ನು ಬರವಣಿಗೆಗೆ ತಂದವರಲ್ಲಿ ಬಹಳ ಹಿಂದಿನವನು ಕನ್ನಡನಾಡಿನದೇ ಅರಸು. ಇಂದಿನ ಬಸವಕಲ್ಯಾಣದಿಂದ ಆಳಿದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರ ಕ್ರಿ.ಶ. 1130ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದವೆಂಬ ಭಾಗವಿದೆ. ಮೀನುಗಳನ್ನು ಕಡಲಿನವು, ನದಿಯವು ಎಂದೂ, ಹುರುಪೆಯುಳ್ಳವು, ಇಲ್ಲದವು ಎಂದೂ ಅದು ವಿಂಗಡಿಸುತ್ತದೆ. ಜಾತಿಗೆ ತಕ್ಕಂತೆ ಹಿಟ್ಟಿನ ಉಂಡೆಗಳನ್ನೂ ಮಾಂಸದ ತುಂಡುಗಳನ್ನೂ ಹಾಕಿ ಮೀನನ್ನು ಮೊದಲು ಒಂದು ಜಾಗಕ್ಕೆ ರೂಢಿಮಾಡಿ, ಆಮೇಲೆ ಗಾಳ ಇಳಿಸಬೇಕೆಂದು ಹೇಳುತ್ತದೆ. ಮೀನು ಶಾಸ್ತ್ರಜ್ಞ ಸುಂದರ್ ಲಾಲ್ ಹೋರಾ 1951ರಲ್ಲಿ ಈ ಭಾಗವನ್ನು ಆಧುನಿಕ ವಿಜ್ಞಾನದ ಕಣ್ಣಿನಿಂದ ಪರಿಶೀಲಿಸಿ ಅದರ ಬೆಲೆಯನ್ನು ಎತ್ತಿ ತೋರಿಸಿದರು. ಯುರೋಪಿನಲ್ಲಿ ಗಾಳದ ಶಾಸ್ತ್ರಕ್ಕೆ ಆಧಾರಗ್ರಂಥವೆನಿಸಿದ ಐಸಾಕ್ ವಾಲ್ಟನ್ನನ ಪುಸ್ತಕ ಬಂದದ್ದು 1653ರಲ್ಲಿ. ಜೇನು ಬೆರೆಸಿದ ಹಿಟ್ಟು, ಪಾಚಿಯಲ್ಲಿಟ್ಟು ಗಟ್ಟಿಮಾಡಿದ ಎರೆಹುಳ ಮುಂತಾದ ಅವನ ಸಲಹೆಗಳಿಗಿಂತ ಐದು ಶತಮಾನ ಮೊದಲೇ ಮೀನಿನ ಜಾತಿಯನ್ನು ನೋಡಿ ಆಹಾರ ಆರಿಸುವ ಕ್ರಮ ಕಲ್ಯಾಣದಲ್ಲಿ ಬರಹಕ್ಕೆ ಬಂದಿತ್ತು ಎಂಬುದು ಕನ್ನಡಿಗರು ಹೆಮ್ಮೆಪಡಬೇಕಾದ ಸಂಗತಿ.

ಮುಂದಿನ ದೊಡ್ಡ ದಾಖಲೆ ಮಂಗಳೂರಿನಿಂದ ಬಂತು. ದಕ್ಷಿಣ ಕನ್ನಡದ ಕಲೆಕ್ಟರನಾಗಿದ್ದ ಹೆನ್ರಿ ಸಲಿವನ್ ಥಾಮಸ್ 1873ರಲ್ಲಿ ಅಲ್ಲಿಯೇ ಅಚ್ಚುಹಾಕಿಸಿದ ‘ದಿ ರಾಡ್ ಇನ್ ಇಂಡಿಯಾ’ ಬ್ರಿಟಿಷ್ ಗಾಳಗಾರರಿಗೆ ದಾರಿ ತೋರಿತು. ಇಂಗ್ಲೆಂಡಿನಿಂದ ತಂದ ನೊಣದ ಆಕಾರದ ಗಾಳಗಳನ್ನು ಮಾತ್ರ ನಂಬಿಕೊಂಡಿದ್ದವರಿಗೆ ಥಾಮಸ್ ಮಹಶೀರ್ ಮೀನಿನ ಬಾಯಿ, ಗಂಟಲು ಮತ್ತು ಹೊಟ್ಟೆಯನ್ನು ನೋಡಿ ಎಂದ. ಈ ಮೀನಿನ ದವಡೆಯಲ್ಲಿ ಹಲ್ಲಿಲ್ಲ, ಗಂಟಲೊಳಗಿದೆ. ಏಡಿಯ ಚಿಪ್ಪನ್ನೂ ಗಟ್ಟಿ ಬೀಜವನ್ನೂ ಅಲ್ಲಿ ಅರೆಯುತ್ತದೆ. ಬಾಯಿಯ ಹಿಡಿತವಂತೂ ತೆಳು ಕೊಕ್ಕೆಯನ್ನು ಚಪ್ಪಟೆಮಾಡುವಷ್ಟು. ಸತ್ತ ಸಣ್ಣ ಮೀನನ್ನು ನೀರಿನಲ್ಲಿ ತಿರುಗುವಂತೆ ಎಳೆಯುವ ವಿಧಾನಕ್ಕೆ ಅವನು ಹೆಚ್ಚಿನ ಬೆಲೆ ಕೊಟ್ಟ. 1887ರಲ್ಲಿ ಕೆರೆಗಳ ಗಾಳಕ್ಕೆಂದೇ ಇನ್ನೊಂದು ಪುಸ್ತಕ ಬರೆದ. ಮೀನಿಗೆ ವಿಷ ಹಾಕುವುದನ್ನು ಅವನೂ ಅವನ ಸಮಕಾಲೀನ ಮೀನು ಶಾಸ್ತ್ರಜ್ಞ ಫ್ರಾನ್ಸಿಸ್ ಡೇಯೂ ಕಟುವಾಗಿ ವಿರೋಧಿಸಿದರು. ಸಿಡಿಮದ್ದು ಮತ್ತು ವಿಷಗಳನ್ನು ನಿಷೇಧಿಸುವ ಭಾರತೀಯ ಮೀನುಗಾರಿಕೆ ಕಾಯ್ದೆ 1897ರಲ್ಲಿ ಬಂತು. ತೋಟೆ ಹಾಕುವ, ಕಾರೆಕಾಯಿ ಅರೆದು ಬಿಡುವ, ಬ್ಲೀಚಿಂಗ್ ಪೌಡರ್ ಸುರಿಯುವ ಚಾಳಿ ಕೊಡಗಿನ ಹೊಳೆಗಳಲ್ಲಿ ಇನ್ನೂ ನಿಂತಿಲ್ಲ. ಮರಿಯಿಂದ ಹಿಡಿದು ಏಡಿಯವರೆಗೆ ಇಡೀ ಮಡುವನ್ನು ಒಂದೇ ಸಲ ಕೊಲ್ಲುವ ಈ ಕೆಲಸವನ್ನು ಮೀನು ಹಿಡಿಯುವ ವಿಧಾನಗಳ ಸಾಲಿಗೆ ಸೇರಿಸುವುದೇ ತಪ್ಪು.

ಕಾವೇರಿ ಸೀಮೆಯ ಹೆಸರು ಜಗತ್ತಿಗೆ ಹಬ್ಬಿದ್ದು ಮೀನಿನ ಗಾತ್ರದಿಂದ. ಮೈಸೂರಿನ ಪ್ರಸಿದ್ಧ ಚರ್ಮಪ್ರಸಾಧನ (ಟ್ಯಾಕ್ಸಿಡರ್ಮಿ) ಮನೆತನದ ಡಿವೆಟ್ ವಾನ್ ಇಂಗನ್ 1946ರಲ್ಲಿ ಕಬಿನಿಯಲ್ಲಿ ಹಿಡಿದ 120 ಪೌಂಡ್, ಅಂದರೆ ಸುಮಾರು 54 ಕಿಲೋ ತೂಕದ ಮಹಶೀರ್ ಇಂದಿಗೂ ದಾಖಲೆ. ಸ್ವಾತಂತ್ರ್ಯದ ನಂತರ ಮರೆತಂತಿದ್ದ ಈ ಮೀನನ್ನು ಹುಡುಕಿಕೊಂಡು 1977–78ರಲ್ಲಿ ಇಂಗ್ಲೆಂಡಿನ ಮೂವರು ಯುವಕರು ಬಂದರು. 92 ಪೌಂಡಿನ ಮೀನು ಅವರಿಗೆ ಸಿಕ್ಕಿತು. ಅದರೊಂದಿಗೆ ಕಾವೇರಿ ದಡದ ಒಂದು ಎರೆಯೂ ಹೊರಜಗತ್ತಿಗೆ ಪರಿಚಯವಾಯಿತು. ಅದೇ ರಾಗಿ ಉಂಡೆ.

ರಾಗಿ ಉಂಡೆ ಅಕ್ಕಿಯ ಊಟದ ಕೊಡಗಿನದಲ್ಲ. ಕೆಳಗಿನ ಮಳವಳ್ಳಿ, ಕನಕಪುರ, ಕೊಳ್ಳೇಗಾಲದ ಬಯಲಿನದು. ದಡದವರ ತಟ್ಟೆಯಲ್ಲಿರುವ ಧಾನ್ಯವೇ ಅವರ ಗಾಳಕ್ಕೂ ಬರುತ್ತದೆ. ರಾಗಿ ಹಿಟ್ಟನ್ನು ನೀರು ಹಾಕಿ ಗಟ್ಟಿಯಾಗಿ ನಾದಿ, ಉಂಡೆ ಕಟ್ಟಿ, ಕುದಿಯುವ ನೀರಿನಲ್ಲಿ ಬೇಯಿಸಿ, ಮತ್ತೆ ನಾದುತ್ತಾರೆ. ಬೆಂದಾಗ ಹಿಟ್ಟಿನ ಪಿಷ್ಟ ಅಂಟಾಗುತ್ತದೆ, ಉಂಡೆ ರಬ್ಬರಿನಂತೆ ಬಿಗಿಯುತ್ತದೆ. ಬಂಡೆಗಳ ನಡುವೆ ರಭಸದಿಂದ ಹರಿಯುವ ನೀರಿನಲ್ಲೂ ಅದು ಕೊಕ್ಕೆಯನ್ನು ಬಿಡುವುದಿಲ್ಲ. ಸಣ್ಣ ಮೀನುಗಳು ಕುಟುಕಿ ಕುಟುಕಿ ಬಿಟ್ಟರೂ ಒಳತಿರುಳು ದೊಡ್ಡ ಮೀನು ಬರುವ ತನಕ ಉಳಿಯುತ್ತದೆ. ನಿಂಬೆಹಣ್ಣಿನ ಗಾತ್ರದಿಂದ ಕಿತ್ತಳೆಯ ಗಾತ್ರದವರೆಗೆ ಉಂಡೆ ಕಟ್ಟುವುದುಂಟು. ಸೋಂಪು ಮೊದಲಾದ ಸುವಾಸನೆಯ ಪದಾರ್ಥಗಳನ್ನು ಸೇರಿಸುವವರಿದ್ದಾರೆ. ಅವರವರ ಮಸಾಲೆ ಅವರವರಿಗೆ ಗುಟ್ಟು. ಆದರೆ ಉಂಡೆಯ ಹದ ಕೆಟ್ಟರೆ ಯಾವ ಮಸಾಲೆಯೂ ಅದನ್ನು ಉಳಿಸದು.

ಇಂಗ್ಲೆಂಡಿನ ಗೆಂಡೆ ಮೀನಿನ ಗಾಳಗಾರರು ಇದೇ ತತ್ವವನ್ನು ಬೇರೆ ದಾರಿಯಲ್ಲಿ ಕಂಡುಕೊಂಡರು. 1960ರ ದಶಕದ ಕೊನೆಯ ಹೊತ್ತಿಗೆ ಫ್ರೆಡ್ ವಿಲ್ಟನ್ ಎಂಬಾತ ಮೀನಿಗೆ ಪೋಷಕಾಂಶ ಹೆಚ್ಚಿರುವ ಹಿಟ್ಟನ್ನು ಕೊಡಬೇಕೆಂದು ವಾದಿಸಿದ. ಆ ಹಿಟ್ಟನ್ನು ಮೊಟ್ಟೆಯೊಂದಿಗೆ ಕಲಸಿ ಬೇಯಿಸಿದ ‘ಬಾಯ್ಲಿ’ ಉಂಡೆಗಳು ಇಂದು ಜಗತ್ತಿನಾದ್ಯಂತ ಮಾರಾಟವಾಗುತ್ತವೆ. ಸಣ್ಣ ಮೀನು ಕೆಡಿಸದಿರಲೆಂದು ಬೇಯಿಸಿ ಗಟ್ಟಿ ಮಾಡುವುದು ಎರಡೂ ಕಡೆ ಒಂದೇ. ಒಂದು ಕಾರ್ಖಾನೆಯ ಪೊಟ್ಟಣವಾಯಿತು, ಇನ್ನೊಂದು ದಡದ ಒಲೆಯ ಮೇಲೆಯೇ ಉಳಿಯಿತು.

ಹಿಟ್ಟಿನ ಎರೆ ಕೆಲಸ ಮಾಡುವ ಬಗೆಯನ್ನು ಮೀನಿನ ಇಂದ್ರಿಯಗಳ ಅಧ್ಯಯನ ಬಹುಮಟ್ಟಿಗೆ ಬಿಡಿಸಿಟ್ಟಿದೆ. ಗೆಂಡೆ ಜಾತಿಯ ಮೀನುಗಳ ತುಟಿ ಮತ್ತು ಮೀಸೆಗಳಲ್ಲಿ ರುಚಿಮೊಗ್ಗುಗಳಿವೆ. ಮೀಸೆ ಮೀನುಗಳಿಗೆ ಮೈತುಂಬ ಇವೆ. ನೀರಿನಲ್ಲಿ ಕರಗಿ ಹರಡುವ ಅಮೈನೋ ಆಮ್ಲಗಳನ್ನು ಅವು ಅತಿ ಅಲ್ಪ ಪ್ರಮಾಣದಲ್ಲೂ ಗುರುತಿಸುತ್ತವೆ. ಎರೆಹುಳ, ಕೋಳಿ ಕರುಳು, ಕೊಳೆತ ಮೀನಿನ ತುಂಡು ಬಾಳೆ ಮೀನು, ಮುರುಗೋಡು, ಹಾವುಮೀನುಗಳನ್ನು ರಾತ್ರಿಯ ಕತ್ತಲಲ್ಲೂ ಎಳೆದು ತರುವುದು ಇದರಿಂದ. ಎಣ್ಣೆ ನೀರಿನಲ್ಲಿ ಕರಗುವುದಿಲ್ಲವಾದ್ದರಿಂದ, ಎರೆಗೆ ಬರೀ ಎಣ್ಣೆಯ ಘಮ ಸವರುವುದು ಮೀನಿಗಿಂತ ಮನುಷ್ಯನ ಮೂಗಿಗೆ ಹೆಚ್ಚು ಮೆಚ್ಚಾಗುವ ಉಪಾಯ. ಕಡಲೆಕಾಯಿ ಹಿಂಡಿ, ತೌಡುಗಳಲ್ಲಿ ಪ್ರೋಟೀನಿನ ಅಂಶವೂ ಇರುವುದರಿಂದ ಕೆರೆಯ ಮೀನಿಗೆ ಅವು ಹಿಡಿಸುತ್ತವೆ. ಬಂಗಾಳದವರು ರೋಹುವಿಗೆ ಕೆಂಜಿರುವೆಯ ಮೊಟ್ಟೆಯನ್ನು ಬಳಸುವ ಹಿಂದೆಯೂ ಇಂಥದೇ ಕಾರಣವಿದೆ.

ಕೆರೆಯ ಎರೆ ಬದಲಾದದ್ದಕ್ಕೆ ಮೀನುಗಳೇ ಬದಲಾದದ್ದು ಕಾರಣ. ಹೀರಾಲಾಲ್ ಚೌಧರಿ 1957ರಲ್ಲಿ ಒಡಿಶಾದ ಅಂಗುಲ್‌ನಲ್ಲಿ ಹಾರ್ಮೋನ್ ಚುಚ್ಚಿ ಗೆಂಡೆಗಳ ಮರಿ ಮಾಡಿಸಿದ ಮೇಲೆ ಉತ್ತರದ ಕಾಟ್ಲಾ, ರೋಹು, ಮೃಗಾಲ್‌ಗಳು ದಕ್ಷಿಣದ ಕೆರೆ, ಜಲಾಶಯಗಳಿಗೆಲ್ಲ ಬಂದವು. ಹೊರದೇಶದ ಸಾಮಾನ್ಯ ಗೆಂಡೆ ಮತ್ತು ತಿಲಾಪಿಯಾ ಅದಕ್ಕೂ ಮೊದಲೇ ಬಂದಿದ್ದವು. ಕಾಫಿ ತೋಟದ ಕೆರೆಗಳಲ್ಲಿ ಸಾಕುವ ಈ ಮೀನುಗಳು ದಿನಾ ಕೈಯಿಂದ ಬೀಳುವ ಹಿಂಡಿ, ತೌಡಿಗೆ ಒಗ್ಗಿಹೋಗಿವೆ. ಮೈದಾ ಹಿಟ್ಟು, ಬ್ರೆಡ್ಡಿನ ತುಂಡಿಗೂ ಕಚ್ಚುತ್ತವೆ. ಹೊಳೆಯ ಮೀನಿಗೆ ಬೇಕಾಗುವಷ್ಟು ಯೋಚನೆ ಇಲ್ಲಿ ಬೇಕಾಗದು.

ಕೊರವ ಮೀನಿನದು ಬೇರೆಯೇ ಕಥೆ. ಇದು ಕಣ್ಣಿಟ್ಟು ಬೇಟೆಯಾಡುವ ಮೀನು. ಸಣ್ಣ ಕಪ್ಪೆಯನ್ನು ಕೊಕ್ಕೆಗೆ ಸಿಕ್ಕಿಸಿ ಜೊಂಡಿನ ಮೇಲೆ ಕುಪ್ಪಳಿಸುವಂತೆ ಎಳೆಯುವುದು ಹಳೆಯ ಪದ್ಧತಿ. ಇಂದು ಅದರ ಜಾಗಕ್ಕೆ ರಬ್ಬರ್ ಕಪ್ಪೆ ಬಂದಿದೆ. ಲೋಹದ ಸ್ಪೂನ್ ಗಾಳಕ್ಕೆ ಅಮೆರಿಕದ ಜೂಲಿಯೋ ಬ್ಯೂಯೆಲ್ 1852ರಲ್ಲಿ ಪೇಟೆಂಟ್ ಪಡೆದ. ಫಿನ್ಲೆಂಡಿನ ಲೌರಿ ರಾಪಾಲಾ 1936ರಲ್ಲಿ ಗಾಯಗೊಂಡ ಮೀನಿನಂತೆ ಓಲಾಡುವ ಕೃತಕ ಮೀನನ್ನು ಕೆತ್ತಿದ. ಹೊಳಪು ಮತ್ತು ನೀರಿನ ಕಂಪನದಿಂದಲೇ ಮೀನನ್ನು ಸೆಳೆಯುವ ಇವು ತಿಳಿ ನೀರಿಗೆ ತಕ್ಕವು. ಜುಲೈ ತಿಂಗಳ ಲಕ್ಷ್ಮಣತೀರ್ಥಕ್ಕೆ ಅಲ್ಲ. ಕೊರವ ಮೀನು ಮರಿಗಳನ್ನು ಕಾಯುವ ದಿನಗಳಲ್ಲಿ ಹತ್ತಿರ ಬಂದ ಯಾವುದಕ್ಕೂ ಎರಗುತ್ತದೆ. ಆಗ ಅದನ್ನು ಹಿಡಿದರೆ ಕೆಂಪಗೆ ತೇಲುವ ಮರಿಗಳ ಹಿಂಡೂ ಬೇರೆ ಮೀನುಗಳ ಪಾಲಾಗುತ್ತದೆ. ಆ ದಿನಗಳಲ್ಲಿ ಗಾಳವನ್ನು ದೂರ ಇಡಬೇಕು.

ಭೀಮೇಶ್ವರಿ, ದೊಡ್ಡಮಾಕಳಿ, ಗಾಳಿಬೋರೆಗಳ ಗಾಳದ ಶಿಬಿರಗಳು ಮತ್ತು ಕೊಡಗಿನ ವಾಲ್ನೂರಿನ ಬಳಿ ಕೂರ್ಗ್ ವನ್ಯಜೀವಿ ಸಂಘ ಕಾಪಾಡಿಕೊಂಡು ಬಂದ ಕಾವೇರಿಯ ಹರವು ಹಿಡಿದು ಬಿಡುವ ಪದ್ಧತಿಯನ್ನು ಬೆಳೆಸಿದವು. ಗಾಳಿಬೋರೆಯಲ್ಲಿ 1998ರಿಂದ 2012ರವರೆಗೆ ಬರೆದಿಟ್ಟ ಗಾಳದ ಲೆಕ್ಕ 2015ರಲ್ಲಿ ವಿಜ್ಞಾನಿಗಳ ಕೈಯಲ್ಲಿ ಕಟುಸತ್ಯವೊಂದನ್ನು ಹೊರಗೆಡಹಿತು. 1970ರ ದಶಕದಿಂದ ಲೋನಾವಳದ ಟಾಟಾ ಮರಿಕೇಂದ್ರದಿಂದ ತಂದು ಬಿಟ್ಟ ನೀಲಿ ರೆಕ್ಕೆಯ ಮಹಶೀರ್ ಹೆಚ್ಚುತ್ತಾ ಹೋಗಿತ್ತು. ಕಾವೇರಿಯ ಸ್ವಂತ ಗೂನುಬೆನ್ನಿನ ಮಹಶೀರ್ ಮಾಯವಾಗುತ್ತಾ ಬಂದಿತ್ತು. ಈ ಎರಡನೆಯದು ಟಾರ್ ರೇಮದೇವಿ ಎಂಬ ಪ್ರಭೇದವೆಂದು 2018ರಲ್ಲಿ ಖಚಿತವಾಯಿತು. ಅದೇ ವರ್ಷ ಅದು ಅಳಿವಿನ ತುತ್ತತುದಿಯಲ್ಲಿರುವ ಜೀವಿಗಳ ಪಟ್ಟಿಗೆ ಸೇರಿತು. ಈ ಶಿಬಿರಗಳಿದ್ದ ಕಾವೇರಿ ವನ್ಯಧಾಮದೊಳಗಿನ ಗಾಳ ಅಷ್ಟರಲ್ಲಿ ನಿಂತಿತ್ತು.

ಇದರಿಂದ ಎರೆಯ ಆಯ್ಕೆಗೆ ಹೊಸ ಅಳತೆಗೋಲು ಸೇರಿತು: ಮೀನನ್ನು ಬಿಟ್ಟ ಮೇಲೆ ಅದು ಬದುಕುವುದೇ? ಕಾವೇರಿಯ ನೀಲಿ ರೆಕ್ಕೆಯ ಮಹಶೀರ್ ಕುರಿತು 2016ರಲ್ಲಿ ಪ್ರಕಟವಾದ ಅಧ್ಯಯನ, ಈ ಮೀನಿಗೆ ಒಟ್ಟಿನಲ್ಲಿ ತಾಳಿಕೆಯಿದ್ದರೂ ಹೆಚ್ಚು ಹೊತ್ತು ಎಳೆದಾಡಿದಂತೆ ಅದು ಬಳಲುತ್ತದೆ ಎಂದು ತೋರಿಸಿತು. ಸಡಿಲ ದಾರದಲ್ಲಿ ಬಿಟ್ಟ ಮೃದು ಎರೆಯನ್ನು ಮೀನು ಗಂಟಲಿನವರೆಗೆ ನುಂಗುತ್ತದೆ, ಕೊಕ್ಕೆ ಒಳಗೆ ಕಚ್ಚುತ್ತದೆ. ಗಟ್ಟಿ ಉಂಡೆಯನ್ನು ಕೊಕ್ಕೆಯ ತುದಿ ಹೊರಗಿರುವಂತೆ ಹಾಕಿ ದಾರವನ್ನು ಬಿಗಿಯಾಗಿ ಹಿಡಿದಿದ್ದರೆ ಅದು ತುಟಿಯಲ್ಲೇ ನಿಲ್ಲುತ್ತದೆ. ಇದೇ ಕಾರಣಕ್ಕೆ ಮೂರು ಮೊನೆಯ ಕೊಕ್ಕೆಯ ಬದಲು ಮುಳ್ಳು ಚಪ್ಪಟೆ ಮಾಡಿದ ಒಂಟಿ ಕೊಕ್ಕೆ, ಮರಿಗಳ ಬಾಯಿಗೆ ಹಿಡಿಸದಷ್ಟು ದೊಡ್ಡ ಉಂಡೆ, ಮೀನನ್ನು ನೀರಿನಲ್ಲಿಟ್ಟುಕೊಂಡೇ ಕೊಕ್ಕೆ ಬಿಡಿಸುವುದು ಇವು ಹಿಡಿದು ಬಿಡುವವರ ನಡುವೆ ರೂಢಿಗೆ ಬರುತ್ತಿವೆ.