ಎದೆಯ ಚಿತ್ರವನ್ನು ಓದುವವರಾರು? ಕ್ಷಯಪತ್ತೆಯ ಚರಿತ್ರೆಯಲ್ಲಿ ಒಂದು ಪ್ರಶ್ನೆ

ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳ ಆಡಳಿತ ಚರಿತ್ರೆ ವಾಚಕರಿಗೆ ಪರಿಚಿತವಾದುದೇ. ಸವಣೂರು 1948ರವರೆಗೆ ನವಾಬರ ಸಂಸ್ಥಾನವಾಗಿತ್ತು. ಉಳಿದವು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿದ್ದವು. 1956ರಲ್ಲಿ ಇವೆಲ್ಲ ಮೈಸೂರು ರಾಜ್ಯಕ್ಕೆ ಸೇರಿ, 1997ರಲ್ಲಿ ಹಾವೇರಿ ಜಿಲ್ಲೆಯ ಭಾಗವಾದವು. ಇಂಥ ತಾಲೂಕುಗಳ ರೋಗಿಯ ಚರಿತ್ರೆಯನ್ನು ಮಾತ್ರ ನಾವು ಅಷ್ಟಾಗಿ ಗಮನಿಸಿಲ್ಲ. ಎದೆಯ ಕ್ಷ-ಕಿರಣ ಚಿತ್ರವನ್ನು ಯಂತ್ರವೇ ಓದತೊಡಗಿರುವ ಈ ಕಾಲದಲ್ಲಿ ಆ ಚರಿತ್ರೆಯ ಒಂದು ಅಧ್ಯಾಯವನ್ನು ನೆನೆಯುವುದು ಉಚಿತ.

ರಾಂಟ್‌ಜೆನ್ 1895ರಲ್ಲಿ ಕ್ಷ-ಕಿರಣವನ್ನು ಕಂಡುಹಿಡಿದ ತರುವಾಯ, ಕ್ಷಯಪತ್ತೆಗೆ ಅದೇ ಮುಖ್ಯ ಸಾಧನವೆಂಬ ನಂಬಿಕೆ ಬೆಳೆಯಿತು. 1955-58ರ ರಾಷ್ಟ್ರೀಯ ಸಮೀಕ್ಷೆಯಲ್ಲಿಯೂ ಸಾಮೂಹಿಕವಾಗಿ ಎದೆಯ ಚಿತ್ರಗಳನ್ನು ತೆಗೆಯಲಾಯಿತು. ಆದರೆ ಒಂದೇ ಚಿತ್ರವನ್ನು ಇಬ್ಬರು ತಜ್ಞರು ಬೇರೆಬೇರೆಯಾಗಿ ಓದುವರೆಂಬುದು 1940ರ ದಶಕದಲ್ಲಿಯೇ ಸಿದ್ಧಪಟ್ಟಿತ್ತು. ಅದಲ್ಲದೆ, ಹಳ್ಳಿಗಾಡಿನಲ್ಲಿ ಯಂತ್ರವೂ ಓದುವವರೂ ವಿರಳ.

1959ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಈ ಸಮಸ್ಯೆಗೆ ಬೇರೆ ದಿಕ್ಕಿನಿಂದ ಉತ್ತರ ಹುಡುಕಿತು. ತುಮಕೂರು ಜಿಲ್ಲೆಯಲ್ಲಿ ಬ್ಯಾನರ್ಜಿ ಮತ್ತು ಆಂಡರ್ಸನ್ ನಡೆಸಿ 1963ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ರೋಗಿಗಳಲ್ಲಿ ಬಹುತೇಕರಿಗೆ ತಮ್ಮ ಲಕ್ಷಣಗಳ ಅರಿವಿತ್ತು. ಅರ್ಧಕ್ಕಿಂತ ಹೆಚ್ಚು ಮಂದಿ ಅದಕ್ಕಾಗಿ ಚಿಕಿತ್ಸೆಯನ್ನೂ ಅರಸಿದ್ದರು. ಆಸ್ಪತ್ರೆಗೆ ಹೋದವರಲ್ಲಿ ಅನೇಕರು ಕೆಮ್ಮಿನ ಔಷಧವನ್ನಷ್ಟೇ ಪಡೆದು ಹಿಂದಿರುಗಿದ್ದರು. ರೋಗಿ ಬಾಗಿಲಿಗೆ ಬಂದಿದ್ದರೂ ರೋಗ ಪತ್ತೆಯಾಗಿರಲಿಲ್ಲ. ಆದಕಾರಣ 1962ರ ರಾಷ್ಟ್ರೀಯ ಕಾರ್ಯಕ್ರಮವು ಜಿಲ್ಲೆಯನ್ನು ಘಟಕವಾಗಿಟ್ಟುಕೊಂಡು, ಸಾಮಾನ್ಯ ಆರೋಗ್ಯ ಕೇಂದ್ರಗಳಲ್ಲಿ ಸೂಕ್ಷ್ಮದರ್ಶಕದ ಮೂಲಕ ಕಫಪರೀಕ್ಷೆ ನಡೆಸುವುದಕ್ಕೆ ಪ್ರಾಧಾನ್ಯವಿತ್ತಿತು.

ಈಗ ಚಿತ್ರ ಮರಳಿ ಮುನ್ನೆಲೆಗೆ ಬಂದಿದೆ. ಅಸಂಖ್ಯ ಎದೆಚಿತ್ರಗಳಿಂದ ಕಲಿತ ಕೃತಕ ಬುದ್ಧಿಮತ್ತೆಯ ಗಣಕಕ್ರಮವು ಹೊಸ ಚಿತ್ರಕ್ಕೆ ಒಂದು ಅಂಕವನ್ನು ಕೊಡುತ್ತದೆ. ಅಂಕವು ನಿಗದಿತ ಮಿತಿಯನ್ನು ಮೀರಿದರೆ ಕಫಪರೀಕ್ಷೆ ನಡೆಯಬೇಕು. 15 ವರ್ಷ ಮತ್ತು ಮೇಲ್ಪಟ್ಟವರ ತಪಾಸಣೆಯಲ್ಲಿ ಮಾನವ ಓದುಗನ ಬದಲಿಗೆ ಇದನ್ನು ಬಳಸಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಶಿಫಾರಸು ಮಾಡಿತು. ಓದುವವರ ಕೊರತೆಗೆ ಇದು ನಿಜವಾದ ಪರಿಹಾರವೇ ಸರಿ. ಆದರೂ ಹಿಂದೊಮ್ಮೆ ಕ್ಷಯದಿಂದ ಗುಣವಾದವರ ಎದೆಯಲ್ಲಿ ಉಳಿದ ಕಲೆಗಳನ್ನು ಯಂತ್ರವು ಹೊಸ ರೋಗವೆಂದು ಎಣಿಸುವ ಸಂಭವ ಹೆಚ್ಚು. ಮಿತಿಯನ್ನು ಎಲ್ಲಿ ಇಡಬೇಕೆಂಬುದನ್ನು ಆಯಾ ಪ್ರದೇಶದ ಜನರಲ್ಲಿಯೇ ಪರೀಕ್ಷಿಸಿ ನಿರ್ಧರಿಸಬೇಕಾಗುತ್ತದೆ.

ತುಮಕೂರಿನ ಅನುಭವವು ಹಾನಗಲ್ಲು, ಹಿರೇಕೆರೂರುಗಳಿಗೂ ಅನ್ವಯಿಸುವುದೆಂದು ನಾವು ಭಾವಿಸುತ್ತೇವೆ. ಅಂಕ ಬಂದ ದಿನವೇ ಕಫ ಕೊಡುವ ಅನುಕೂಲ, ಔಷಧದ ಅಖಂಡ ಪೂರೈಕೆ, ಕೂಲಿ ಬಿಟ್ಟು ಬಂದವನನ್ನು ಬರಿಗೈಯಲ್ಲಿ ಕಳುಹಿಸದ ವ್ಯವಸ್ಥೆ, ಇವಿಲ್ಲದಿದ್ದರೆ ಹೊಸ ಯಂತ್ರವೂ ಹಳೆಯ ಕೆಮ್ಮಿನ ಔಷಧದ ಸೀಸೆಯ ಸ್ಥಾನಕ್ಕೇ ಇಳಿದೀತು. ಆದ್ದರಿಂದ ಯಂತ್ರವನ್ನು ಬಳಸುವ ಪ್ರತಿಯೊಂದು ತಾಲೂಕು ಆಸ್ಪತ್ರೆಯೂ ತೆಗೆದ ಚಿತ್ರಗಳೆಷ್ಟು, ಕಫದಲ್ಲಿ ರೋಗ ದೃಢಪಟ್ಟವರೆಷ್ಟು, ಚಿಕಿತ್ಸೆ ಪೂರೈಸಿದವರೆಷ್ಟು ಎಂಬ ಲೆಕ್ಕವನ್ನು, ರೋಗಿಗಳ ಹೆಸರನ್ನು ಗೋಪ್ಯವಾಗಿರಿಸಿ, ಕಾಪಾಡುವುದು ಅವಶ್ಯ. ಇಂದಿನ ವೈದ್ಯನಿಗೂ ಮುಂದಿನ ಚರಿತ್ರಕಾರನಿಗೂ ಅದೇ ಆಧಾರ.